ಸಂಕ್ರಾಂತಿಗೆ ನಲವತ್ತು ಮನೆಗೆ ಕುಸುರೆಳ್ಳು, ಶೇಂಗಾ ಉಂಡಿ: ಕಾಗದದ ಡಬ್ಬಿ ಕೈಯಲ್ಲೇ ಮಾಡೋದು ಹೇಗೆ?

ಕೇಶ್ವಾಪುರ_ಗೆಳತಿ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಈ ಸಂಕ್ರಾಂತಿಗೆ ನಲವತ್ತು ಮನೆಗೆ ಎಳ್ಳು-ಬೆಲ್ಲ, ಕುಸುರೆಳ್ಳು, ಜೊತೆಗೆ ಒಂದಿಷ್ಟು ಶೇಂಗಾ ಉಂಡಿ ಕೊಡಬೇಕು ಅಂತ ಮಾತಾಡಿಕೊಂಡಿದ್ದೇವೆ. ಓಣಿಯ ಮಕ್ಕಳೇ ಮನೆ ಮನೆಗೆ ಹೋಗಿ ಕೊಟ್ಟು, ಹಿರಿಯರ ಕಾಲಿಗೆ ನಮಸ್ಕಾರ ಮಾಡಿ ಬರುತ್ತಾರೆ. ಈಚೆಗೆ ಈ ರೂಢಿ ಕಡಿಮೆ ಆಗ್ತಾ ಇದೆ. ಫೋನಿನಲ್ಲಿ ಒಂದು ಚಿತ್ರ ಕಳಿಸಿದರೆ ಹಬ್ಬ ಮುಗೀತು ಅನ್ನೋ ಹಾಗಾಗಿದೆ. ಅದು ನನಗೆ ಸಂಕಟ.

ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ. ಇರೋದನ್ನು ಎಳ್ಳು, ಶೇಂಗಾ, ಬೆಲ್ಲಕ್ಕೇ ಹಾಕಬೇಕು, ಡಬ್ಬಿಗೆ ಸುರಿಯಬಾರದು. ಡಬ್ಬಿ ಮನೆಯಲ್ಲಿರೋ ಕಾಗದದ್ದೇ ಆಗಬೇಕು. ಆದರೆ ನೋಡಿದವರಿಗೆ "ಅಯ್ಯೋ, ರದ್ದಿಯಲ್ಲಿ ಸುತ್ತಿ ಕೊಟ್ಟಿದ್ದಾರೆ" ಅನ್ನಿಸಬಾರದು. ಯಾವ ಕಾಗದ ತಗೊಳ್ಳಲಿ, ಹೇಗೆ ಮಡಿಚಲಿ, ಒಳಗೆ ಏನು ಹಾಸಲಿ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ವಿದ್ಯಾಗಿರಿ_ಟೀಚರ್ (ಧಾರವಾಡ)

ಒಳ್ಳೆ ಕೆಲಸ ಹಿಡಿದಿದ್ದೀರಿ ಅಕ್ಕಾರ. ಸಂಕ್ರಾಂತಿ ಬರೋದೇ ಜನವರಿಯಲ್ಲಿ. ಅಷ್ಟೊತ್ತಿಗೆ ಹೋದ ವರ್ಷದ ಕ್ಯಾಲೆಂಡರ್ ಎಲ್ಲರ ಮನೆಯಲ್ಲೂ ಗೋಡೆಯಿಂದ ಇಳಿದಿರುತ್ತೆ. ಬ್ಯಾಂಕಿನವರು, ಸೊಸೈಟಿಯವರು, ಅಂಗಡಿಯವರು ಕೊಟ್ಟ ದೊಡ್ಡ ಕ್ಯಾಲೆಂಡರ್ ಇದ್ದರೆ ಅದಕ್ಕಿಂತ ಒಳ್ಳೆ ಕಾಗದ ಬೇಕಿಲ್ಲ. ಮಡಿಚೋಕೆ ತೀರಾ ತೆಳುವೂ ಅಲ್ಲ, ದಪ್ಪವೂ ಅಲ್ಲ.

ನಾನು ಶಾಲೆಯಲ್ಲಿ ಮಕ್ಕಳಿಗೆ ಕಲಿಸೋದು ಅಂಟೇ ಬೇಡದ ಚೌಕ ಡಬ್ಬಿ. ಜಪಾನಿನ ಒರಿಗಾಮಿಯಲ್ಲಿ ಇದಕ್ಕೆ 'ಮಾಸು' ಅಂತಾರೆ. ಅಕ್ಕಿ ಅಳೆಯೋ ಅಲ್ಲಿಯ ಮರದ ಅಳತೆಪೆಟ್ಟಿಗೆಯ ಹೆಸರು ಅದು. ಹೀಗೆ ಮಾಡಿ:

21 ಸೆಂ.ಮೀ. ಚೌಕ ಕತ್ತರಿಸಿ. ಚಿತ್ರ ಹೊರಗೆ ಬರಬೇಕಾದರೆ ಚಿತ್ರದ ಬದಿ ಕೆಳಗೆ ಇರಲಿ. ಮೂಲೆಯಿಂದ ಮೂಲೆಗೆ ಎರಡು ಸಲ ಮಡಿಚಿ ಬಿಚ್ಚಿದರೆ ನಡು ಎಲ್ಲಿ ಅಂತ ಗೊತ್ತಾಗುತ್ತೆ. ನಾಲ್ಕೂ ಮೂಲೆಯನ್ನು ಆ ನಡುವಿಗೆ ತನ್ನಿ. ಈಗ ಸಣ್ಣ ಚೌಕ ಆಯ್ತು. ಇದರ ಎದುರುಬದುರು ಅಂಚು ಎರಡನ್ನೂ ನಡುವಿಗೆ ಮಡಿಚಿ, ಉಗುರಿನಿಂದ ಗಟ್ಟಿಯಾಗಿ ಗೆರೆ ಎಳೆದು ಬಿಚ್ಚಿ. ಉಳಿದೆರಡು ಅಂಚಿಗೂ ಹಾಗೇ ಮಾಡಿ. ಆಮೇಲೆ ಎದುರುಬದುರಿನ ಎರಡು ಮೂಲೆ ಮಾತ್ರ ಪೂರ್ತಿ ಬಿಚ್ಚಿ, ಇನ್ನೆರಡು ಒಳಗೇ ಇರಲಿ. ಒಳಗಿರೋ ಬದಿಗಳನ್ನು ಗೋಡೆ ಮಾಡಿ ನಿಲ್ಲಿಸಿ. ಬಿಚ್ಚಿದ ಉದ್ದ ತುದಿಯನ್ನು ಎತ್ತುವಾಗ ಅದರ ಪಕ್ಕದ ಕಾಗದ ತಾನಾಗೇ ಒಳಕ್ಕೆ ಸೇರಿಕೊಳ್ಳುತ್ತೆ. ತುದಿಯನ್ನು ಗೋಡೆಯ ಮೇಲಿಂದ ಒಳಗೆ ತಂದು ನಡುವಿನಲ್ಲಿ ಕೂರಿಸಿ. ಇನ್ನೊಂದು ಬದಿಗೂ ಅಷ್ಟೇ.

21 ಸೆಂ.ಮೀ. ಹಾಳೆಗೆ ಸುಮಾರು 7.4 ಸೆಂ.ಮೀ. ಅಗಲದ, 3.7 ಸೆಂ.ಮೀ. ಎತ್ತರದ ಡಬ್ಬಿ ಬರುತ್ತೆ. ಮುಚ್ಚಳಕ್ಕೂ ಇದೇ ಮಡಿಕೆ. ಆದರೆ ತಳದ ಹಾಳೆ ಅರ್ಧ ಸೆಂ.ಮೀ. ಚಿಕ್ಕದಿರಬೇಕು, 20.5 ಇಟ್ಟುಕೊಳ್ಳಿ. ಆಗ ಮುಚ್ಚಳ ಬಿಗಿಯೂ ಅಲ್ಲ, ಸಡಿಲವೂ ಅಲ್ಲ, ನೆಟ್ಟಗೆ ಕೂರುತ್ತೆ.

ದೊಡ್ಡ ಕ್ಯಾಲೆಂಡರ್‌ನ ಒಂದು ಹಾಳೆಯಲ್ಲಿ ಒಂದು ತಳ, ಒಂದು ಮುಚ್ಚಳ ಬರುತ್ತೆ. ಹನ್ನೆರಡು ಹಾಳೆಯ ಕ್ಯಾಲೆಂಡರ್ ನಾಲ್ಕು ಸಿಕ್ಕರೆ ನಿಮ್ಮ ನಲವತ್ತು ಡಬ್ಬಿ ಆಗಿ, ಮಕ್ಕಳು ಕೆಡಿಸೋಕೂ ಒಂದಿಷ್ಟು ಉಳಿಯುತ್ತೆ.

ರಾಣೇಬೆನ್ನೂರ_ಅಪ್ಪಾಜಿ

ಇಷ್ಟೆಲ್ಲ ಯಾಕೆ ತಂಗಿ? ನಮ್ಮ ಕಾಲದಲ್ಲಿ ಪೇಪರ್ ಹರಿದು ಸುರುಳಿ ಪೊಟ್ಟಣ ಕಟ್ಟಿ, ಅದರಲ್ಲೇ ಎಳ್ಳು-ಬೆಲ್ಲ ಕೊಡ್ತಿದ್ದರು. ಚುರುಮುರಿ, ಮಿರ್ಚಿ ಎಲ್ಲ ಅದರಲ್ಲೇ ತಿಂದಿದ್ದೇವೆ.

ಗದಗ_ಪ್ರೆಸ್ಸಿನವ

ಅಪ್ಪಾಜಿ, ಪೊಟ್ಟಣ ಖಂಡಿತ ಕಟ್ಟಿಸಿ. ಆದರೆ ದಿನಪತ್ರಿಕೆಯಲ್ಲಿ ಬೇಡ. ನಾನು ಇದೇ ಕೆಲಸದಲ್ಲಿ ಇರೋನು, ಅದಕ್ಕೆ ಹೇಳ್ತಿದ್ದೇನೆ. ಪತ್ರಿಕೆಯ ಮಸಿ ಒಣಗಿ ಗಟ್ಟಿಯಾಗೋದಲ್ಲ, ಕಾಗದ ಅದನ್ನು ಹೀರಿಕೊಂಡಿರುತ್ತೆ ಅಷ್ಟೇ. ಬೆಳಿಗ್ಗೆ ಪೇಪರ್ ಓದಿದ ಮೇಲೆ ಬೆರಳು ಕಪ್ಪಾಗೋದು ಅದಕ್ಕೇ. ಎಣ್ಣೆ ಇರೋ ತಿಂಡಿ ತಾಗಿದರೆ ಆ ಮಸಿ ತಿಂಡಿಗೆ ಇಳಿಯುತ್ತೆ. ಎಳ್ಳಿನಲ್ಲಿ ಅರ್ಧದಷ್ಟು ಎಣ್ಣೆಯೇ ಇರೋದು, ಶೇಂಗಾದಲ್ಲೂ ಹೆಚ್ಚುಕಡಿಮೆ ಅಷ್ಟೇ. ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು ಅಂತ ಸ್ಪಷ್ಟವಾಗಿ ಹೇಳಿದೆ. ಮಿರ್ಚಿ ಗಾಡಿಯವರಿಗೂ ಇದು ಅನ್ವಯಿಸುತ್ತೆ.

ಕ್ಯಾಲೆಂಡರ್ ಕಾಗದವೂ ಅಚ್ಚಾದದ್ದೇ. ಅದರ ಮಸಿ ಪತ್ರಿಕೆಯ ಹಾಗೆ ಕೈಗೆ ಹತ್ತೋದಿಲ್ಲ, ನಿಜ. ಆದರೂ ತಿಂಡಿ ನೇರ ತಾಗಬಾರದು. ಒಳಗೆ ತಿಂಡಿಗೆ ಹಾಕೋ ಬಟರ್ ಪೇಪರ್ ಹಾಸಲೇಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಟೇಷನರಿ ಅಂಗಡಿಯಲ್ಲಿ 'ಬಟರ್ ಪೇಪರ್' ಕೇಳಿದರೆ ಚಿತ್ರದ ಮೇಲಿಟ್ಟು ಗೆರೆ ತೆಗೆಯೋ ಹಾಳೆ ಕೊಡ್ತಾರೆ. ಅದು ತಿಂಡಿಗೆ ಅಲ್ಲ. ಬೇಕರಿ ಸಾಮಾನು ಮಾರೋ ಅಂಗಡಿಯಲ್ಲಿ ಕೇಳಿ, ತಿಂಡಿಗೆ ಹಾಕೋದು ಅಂತ ಬಾಯಿಬಿಟ್ಟು ಹೇಳಿ. ಒಂದು ಸುರುಳಿ ತಂದರೆ ನಿಮ್ಮ ನಲವತ್ತಕ್ಕೂ ಸಾಕು.

ಇನ್ನು ನಮ್ಮ ಗದಗಕ್ಕೆ 'ಮುದ್ರಣ ಕಾಶಿ' ಅಂತ ಸುಮ್ನೆ ಹೆಸರು ಬಂದಿಲ್ಲ. ಇಲ್ಲಿ ಯಾವ ಪ್ರೆಸ್ಸಿಗೆ ಹೋದರೂ ನೋಟ್‌ಬುಕ್, ಡೈರಿ, ಲಗ್ನಪತ್ರಿಕೆ ಕತ್ತರಿಸಿ ಉಳಿದ ಬಿಳಿ ಪಟ್ಟಿ, ಬಣ್ಣದ ಪಟ್ಟಿ ಮೂಲೆಯಲ್ಲಿ ಬಿದ್ದಿರುತ್ತೆ. ಅದು ರದ್ದಿಗೆ ತೂಕದ ಮೇಲೆ ಹೋಗುತ್ತೆ. "ಮಕ್ಕಳ ಕೆಲಸಕ್ಕೆ ಬೇಕು ಅಣ್ಣಾರ" ಅಂದರೆ ಬಹಳ ಮಂದಿ ಹಾಗೇ ಕೊಡ್ತಾರೆ. ಹುಬ್ಬಳ್ಳಿಯಲ್ಲೂ ಪ್ರೆಸ್ಸಿಗೇನು ಕಡಿಮೆ ಇಲ್ಲ, ಕೇಳಿ ನೋಡಿ.

ವಿದ್ಯಾಗಿರಿ_ಟೀಚರ್ (ಧಾರವಾಡ)

ಸರ್, ಒಂದು ಕೇಳಬೇಕು. ಕೆಲವು ಹಾಳೆ ಒಂದು ಕಡೆ ಚೊಕ್ಕ ಮಡಿಚುತ್ತೆ, ಇನ್ನೊಂದು ಕಡೆ ಮಡಿಚಿದರೆ ಗೆರೆಯ ಮೇಲೆ ಬಿರುಕು ಬಿಡುತ್ತೆ. ಯಾಕೆ?

ಗದಗ_ಪ್ರೆಸ್ಸಿನವ

ಕಾಗದಕ್ಕೆ ಎಳೆ ಇರುತ್ತೆ ಮೇಡಂ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರೆಲ್ಲ ಓಡೋ ದಿಕ್ಕಿಗೇ ಮಲಗುತ್ತವೆ. ಎಳೆಯ ಉದ್ದಕ್ಕೆ ಮಡಿಚಿದರೆ ನಾರು ಮುರಿಯೋದಿಲ್ಲ. ಅಡ್ಡ ಮಡಿಚಿದರೆ ಮುರಿದು ಬಿರುಕು ಬಿಡುತ್ತೆ. ಗೊತ್ತು ಮಾಡೋದು ಸುಲಭ. ಹಾಳೆಯನ್ನು ಮಡಿಚದೆ ಸುಮ್ನೆ ಬಗ್ಗಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಎರಡೂ ದಿಕ್ಕಿಗೆ ಒತ್ತಿ ನೋಡಿ. ಯಾವ ಕಡೆ ಸಲೀಸಾಗಿ ಬಗ್ಗುತ್ತೋ, ಆ ಬಗ್ಗಿದ ಗೆರೆಯ ಉದ್ದಕ್ಕೇ ಎಳೆ ಇರುತ್ತೆ.

ಲಗ್ನಪತ್ರಿಕೆಯ ದಪ್ಪ ಕಾರ್ಡಿಗೆ ಇದು ಬಹಳ ಮುಖ್ಯ. ಮಡಿಚೋ ಮೊದಲು ಸ್ಕೇಲ್ ಇಟ್ಟು, ಮಸಿ ತೀರಿದ ಬಾಲ್‌ಪೆನ್ನಿನಿಂದ ಒಂದು ಗೆರೆ ಒತ್ತಿ ಎಳೆಯಿರಿ. ನಾವು ಪ್ರೆಸ್ಸಿನಲ್ಲಿ ಯಂತ್ರದಿಂದ ಮಾಡೋದೂ ಇದನ್ನೇ. ಮೂಲೆ ಅಂಗಡಿಯ ಡಬ್ಬಿಯ ಹಾಗೇ ಬರುತ್ತೆ. ಆದರೆ ಮೇಡಂ ಹೇಳಿದ ಚೌಕ ಡಬ್ಬಿಗೆ ಲಗ್ನಪತ್ರಿಕೆ ಬೇಡ. ಅಷ್ಟು ಮಡಿಕೆಗೆ ಅದು ತಡೆಯೋದಿಲ್ಲ.

ಕಸೂತಿ_ಕೈ (ಧಾರವಾಡ)

ಲಗ್ನಪತ್ರಿಕೆ ಎಲ್ಲಿಗೆ ಅಂತ ನಾನು ಹೇಳ್ತೇನೆ. ಅದರ ಹಿಂಬದಿ ಖಾಲಿ ಇದ್ದರೆ ಕತ್ತರಿಸಿ ಸಣ್ಣ ಶುಭಾಶಯದ ಚೀಟಿ ಮಾಡಿ, ಮೇಲೆ ಕಸೂತಿ ಹಾಕಿ. ಹೌದ್ರೀ, ಕಾಗದದ ಮೇಲೇ ಸೂಜಿ-ದಾರದ ಕಸೂತಿ.

ಕಸೂತಿಗೆ ನಾಲ್ಕು ಹೊಲಿಗೆ: ಗಂಟಿ, ಮುರಗಿ, ನೇಗಿ, ಮೆಂತಿ. ಕಾಗದಕ್ಕೆ ಗಂಟಿ, ಮುರಗಿ ಎರಡೇ ಸಾಕು. ಗಂಟಿ ನೇರ ಗೆರೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತೆ. ಎರಡರಲ್ಲೂ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯೋದು, ವಾಪಸ್ ಬರುವಾಗ ಬಿಟ್ಟ ಮನೆ ತುಂಬೋದು. ಹಿಂದೆ ಮುಂದೆ ಎರಡೂ ಒಂದೇ ಥರ ಕಾಣುತ್ತೆ. ನಮ್ಮ ಅಜ್ಜಿಯರು ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸಿ ಹಾಕ್ತಿದ್ದರು. ಕಾಗದದಲ್ಲಿ ಎಣಿಸೋಕೆ ಎಳೆ ಸಿಗೋದಿಲ್ಲ. ಅದಕ್ಕೆ ಮಕ್ಕಳ ಗಣಿತದ ಚೌಕುಳಿ ನೋಟ್‌ಬುಕ್ಕಿನ ಹಾಳೆಯನ್ನು ಕಾರ್ಡಿನ ಮೇಲಿಡಿ. ನಾಲ್ಕು ಮೂಲೆಗೆ ಕ್ಲಿಪ್ ಹಾಕಿ. ಕೆಳಗೆ ಹಳೆ ಹವಾಯಿ ಚಪ್ಪಲಿಯ ತಳ ಒಂದನ್ನು ತೊಳೆದು ಇಡಿ. ಈಗ ಚೌಕದ ಮೂಲೆ ಮೂಲೆಗೆ ಸೂಜಿಯಿಂದ ಚುಚ್ಚುತ್ತಾ ಹೋಗಿ. ತೂತು ಮೊದಲೇ ಬಿದ್ದಿದ್ದರೆ ಹೊಲಿಯೋದು ಮಕ್ಕಳಿಗೂ ಸುಲಭ.

ತೂತಿನಿಂದ ತೂತಿಗೆ ಅರ್ಧ ಸೆಂ.ಮೀ. ಇರಲಿ. ಅದಕ್ಕಿಂತ ಹತ್ತಿರ ಚುಚ್ಚಿದರೆ ಕಾರ್ಡು ಹರಿಯುತ್ತೆ. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತೆ, ಎರಡೇ ಎಳೆ ಬಿಡಿಸಿಕೊಳ್ಳಿ. ಎಷ್ಟು ತೆಳುವೋ ಅಷ್ಟು ಚೆಂದ. ಗಂಟು ಹಾಕಬೇಡಿ, ಕಸೂತಿಯಲ್ಲಿ ಗಂಟೇ ಇಲ್ಲ. ಮೊದಲ ತುದಿಯನ್ನು ಹೊಲಿಗೆಯ ಕೆಳಗೆ ಸೇರಿಸಿಬಿಡಿ.

ಮೊದಲಿಗೆ ತುಳಸಿ ಕಟ್ಟೆ ಹಾಕಿಸಿ. ಅದರಲ್ಲಿ ನೇರ ಗೆರೆಯೇ ಜಾಸ್ತಿ. ಕೈ ಕೂತ ಮೇಲೆ ಗೋಪುರ, ಆಮೇಲೆ ಆನೆ. ರಥ ಈ ಸಂಕ್ರಾಂತಿಗೆ ಬೇಡ, ಅದಕ್ಕೆ ತಾಳ್ಮೆ ಬೇಕು.

ಕೇಶ್ವಾಪುರ_ಗೆಳತಿ (ಹುಬ್ಬಳ್ಳಿ)

ಅಕ್ಕಾರ, ಇದು ನನ್ನ ತಲೆಯಲ್ಲೇ ಬಂದಿರಲಿಲ್ಲ. ನಮ್ಮ ಓಣಿಯ ಹಿರಿಯರಿಗೆ ಕಸೂತಿ ಅಂದರೆ ಜೀವ. ಒಂದೇ ಚಿಂತೆ. ಲಗ್ನಪತ್ರಿಕೆ ತುಂಬಾ ಗಣಪತಿ, ಕುಲದೇವರ ಚಿತ್ರ ಇರುತ್ತೆ. ಕತ್ತರಿ ಹಾಕೋಕೆ ಮನಸ್ಸು ಬರೋದಿಲ್ಲ. ಕಸದ ಬುಟ್ಟಿಗೆ ಹಾಕೋಕಂತೂ ಇನ್ನೂ ಕಷ್ಟ. ಅದಕ್ಕೇ ಮನೆಯಲ್ಲಿ ಕಟ್ಟು ಕಟ್ಟು ಉಳಿದಿವೆ.

ಕಸೂತಿ_ಕೈ (ಧಾರವಾಡ)

ಗಣಪತಿಯನ್ನು ಪೂರ್ತಿಯಾಗಿ ಸುತ್ತಲೂ ಜಾಗ ಬಿಟ್ಟು ಕತ್ತರಿಸಿ, ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿ. ಮನೆಯಲ್ಲಿ ಎತ್ತಿಡುತ್ತಾರೆಯೇ ಹೊರತು ಯಾರೂ ಎಸೆಯೋದಿಲ್ಲ. ಉಳಿದ ಭಾಗ ಚೀಟಿಗೆ ಬಳಸಿ. ಹೆಸರು, ತಾರೀಖು ಅಚ್ಚಾದ ಕಡೆ ಒಳಗೆ ಹೋಗಲಿ. ಬೇರೆಯವರ ಮದುವೆ ಪತ್ರಿಕೆ ಅಂತ ಕಾಣಬಾರದು ನೋಡಿ.

ಬೆಟಗೇರಿ_ಅಂಗನವಾಡಿ

ನನ್ನದು ಮಕ್ಕಳ ಮಾತು. ಎರಡು ಮೂರು ವರ್ಷದ ಮಕ್ಕಳಿರೋ ಮನೆಗೆ ಇಡೀ ಶೇಂಗಾ, ಪುಟಾಣಿ (ಹುರಿಗಡಲೆ), ಗಟ್ಟಿ ಕೊಬ್ಬರಿ ಚೂರು ಕೊಡೋದು ಬೇಡ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ, ಉಸಿರು ಕಟ್ಟುತ್ತೆ. ಅಂಥ ಮನೆಯ ಡಬ್ಬಿಗೆ ಬೇರೆ ಬಣ್ಣದ ದಾರ ಕಟ್ಟಿ, ಒಳಗೆ ಮೆತ್ತಗಿನ ಎಳ್ಳುಂಡಿ ಇಡಿ. ಶೇಂಗಾ ಒಗ್ಗದವರೂ ಇರ್ತಾರೆ, ಚೀಟಿಯ ಮೇಲೆ "ಶೇಂಗಾ ಇದೆ" ಅಂತ ಬರೆಯಿರಿ.

ಸ್ಟೇಪಲ್ ಪಿನ್ ಬೇಡವೇ ಬೇಡ. ಬಿಚ್ಚುವಾಗ ಸಿಡಿದು ಎಳ್ಳಿನೊಳಗೆ ಬಿದ್ದರೆ ಕಣ್ಣಿಗೆ ಕಾಣೋದೂ ಇಲ್ಲ. ಮಿಂಚಿನ ಪುಡಿಯೂ ಬೇಡ. ಅದು ಪ್ಲಾಸ್ಟಿಕ್ಕಿನ ಪುಡಿ, ಉದುರಿ ತಿಂಡಿಗೆ ಸೇರುತ್ತೆ.

ಅಂಟು ಬೇಕಾದ ಕಡೆ ಮೈದಾ ಅಂಟು ಸಾಕು. ಎರಡು ಚಮಚ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ತಿರುವಿ. ಹಿಟ್ಟಿನ ಬಿಳಿ ಹೋಗಿ ಗಾಜಿನ ಬಣ್ಣಕ್ಕೆ ತಿರುಗಿದಾಗ ಇಳಿಸಿ. ಹಳೆ ಬೈಂಡಿಂಗ್‌ನವರು ಹುಳ ಹತ್ತದಿರಲಿ ಅಂತ ಮೈಲುತುತ್ತ ಹಾಕ್ತಾರೆ. ಅದು ವಿಷ, ಮಕ್ಕಳ ಕೆಲಸಕ್ಕೆ ಹಾಕಲೇಬಾರದು. ಬೇಕಾದಷ್ಟೇ ಕಾಯಿಸಿ, ಮರುದಿನಕ್ಕೆ ಹೊಸದು ಮಾಡಿಕೊಳ್ಳಿ.

ಹಾವೇರಿ_ಹುಡುಗಿ

ನಮ್ಮ ಊರಿನದೂ ಒಂದು ಸೇರಿಸ್ತೇನೆ. ಹಾವೇರಿ ಅಂದರೆ ಏಲಕ್ಕಿ ಹಾರ. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಮ್ಮಲ್ಲೇ ಆದಾಗ ಎಲ್ಲರ ಬಾಯಲ್ಲೂ ಅದೇ ಮಾತು. ನಿಜವಾದ ಏಲಕ್ಕಿ ಹಾರಕ್ಕೆ ನಮ್ಮಂಥವರ ಕೈಯಲ್ಲಿ ದುಡ್ಡು ಎಲ್ಲಿಂದ ಬರಬೇಕು? ಕಾಗದದಲ್ಲಿ ಮಾಡೋಣ.

ಕ್ಯಾಲೆಂಡರ್‌ನಲ್ಲಿ ಹೊಲ, ಗುಡ್ಡ, ಕಾಡಿನ ಚಿತ್ರ ಇರುತ್ತಲ್ಲ, ಆ ಹಸಿರು ಭಾಗ ತಗೊಳ್ಳಿ. 2 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ, ಒಂದು ತುದಿ ಚೂಪಾಗೋ ಹಾಗೆ ಉದ್ದ ತ್ರಿಕೋನ ಮಾಡಿ. ಅಗಲ ತುದಿಯಿಂದ ಶುರು ಮಾಡಿ ಕಸಬರಿಗೆ ಕಡ್ಡಿಗೆ ಬಿಗಿಯಾಗಿ ಸುತ್ತಿ. ಕೊನೆಯ ಚೂಪು ನಟ್ಟನಡುವೆ ಬರಬೇಕು, ಅಲ್ಲಿ ಒಂದು ಹನಿ ಅಂಟು. ಕಡ್ಡಿ ಎಳೆದರೆ ನಡು ಉಬ್ಬಿದ, ತುದಿ ಸಪೂರ ಆದ ಮಣಿ. ಥೇಟ್ ಏಲಕ್ಕಿ ಕಾಯಿ! ದಾರದಲ್ಲಿ ಪೋಣಿಸುವಾಗ ನಡುನಡುವೆ ಕೆಂಪು ಕಾಗದದ ಸಣ್ಣ ಬಿಲ್ಲೆ ಹಾಕಿ. ನಲವತ್ತು ಹಾರ ಆಗೋ ಮಾತಲ್ಲ. ಓಣಿಯಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರಿಬ್ಬರಿಗೆ ಮಾಡಿ, ಮಕ್ಕಳ ಕೈಯಿಂದ ಹಾಕಿಸಿ.

ಮಾಳಮಡ್ಡಿ_ಅಜ್ಜಿ (ಧಾರವಾಡ)

ಡಬ್ಬಿ ಆಯ್ತು, ಹಾರ ಆಯ್ತು. ಒಳಗಿಂದು ಯಾರು ಹೇಳ್ತೀರಿ?

ಕುಸುರೆಳ್ಳು ಮನೆಯಲ್ಲೇ ಮಾಡಿದರೆ ಅದರ ಸುಖವೇ ಬೇರೆ ಮಗಳೇ. ಹುರಿದ ಎಳ್ಳನ್ನು ಅಗಲ ಪರಾತದಲ್ಲಿ ಹಾಕಿ, ಕೆಳಗೆ ಬೂದಿ ಮುಚ್ಚಿದ ಕೆಂಡ ಇರಬೇಕು. ಸಕ್ಕರೆ ಪಾಕಕ್ಕೆ ಸ್ವಲ್ಪ ಹಾಲು ಹಾಕಿದರೆ ಕೊಳೆ ಮೇಲೆ ಬರುತ್ತೆ, ತೆಗೆದು ಸೋಸಬೇಕು. ಆ ಪಾಕವನ್ನು ಚಮಚ ಚಮಚವಾಗಿ ಬಿಡುತ್ತಾ ಬೆರಳಿನಿಂದ ಆಡಿಸುತ್ತಲೇ ಇರಬೇಕು. ಒಂದು ಚಮಚ ಒಣಗಿ ಕಾಳು ಬಿಡಿಬಿಡಿ ಆದ ಮೇಲೇ ಇನ್ನೊಂದು. ಅವಸರ ಮಾಡಿದರೆ ಗಂಟು ಕಟ್ಟುತ್ತೆ. ನಸುಕಿನ ಚಳಿಯಲ್ಲಿ ಕೂತರೆ ಕಾಳಿನ ಮೇಲೆ ಸಕ್ಕರೆಯ ಮುಳ್ಳು ಚೆನ್ನಾಗಿ ಏಳುತ್ತೆ. ದಿನಗಟ್ಟಲೆ ಹಿಡಿಯೋ ಕೆಲಸ. ನಲವತ್ತು ಮನೆಗೆ ಅಂದರೆ ಆಗೋದಿಲ್ಲ. ಕುಸುರೆಳ್ಳು ಪೇಟೆಯಿಂದಲೇ ತನ್ನಿ, ಮಿಕ್ಕದ್ದು ಮನೆಯಲ್ಲಿ ಮಾಡಿ.

ಮನೆಗೆ 50 ಗ್ರಾಂ ಅಂದರೆ ಒಟ್ಟು 2 ಕಿಲೋ ಬೇಕು. ಎಳ್ಳು, ಪುಟಾಣಿ, ಶೇಂಗಾ, ಬೆಲ್ಲ ತಲಾ 400 ಗ್ರಾಂ. ಕೊಬ್ಬರಿ 200, ಕುಸುರೆಳ್ಳು 200. ಬೆಲ್ಲ, ಕೊಬ್ಬರಿ ಸಣ್ಣಗೆ ಹೆಚ್ಚಿ ಒಂದು ದಿನ ಬಿಸಿಲಿಗೆ ಇಡಿ. ಹಸಿ ಅಂಶ ಉಳಿದರೆ ಎಲ್ಲ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತೆ.

ಶೇಂಗಾ ಉಂಡಿಗೆ ಪಾಕವೂ ಬೇಡ, ತುಪ್ಪವೂ ಬೇಡ. 1 ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಉಜ್ಜಿ ಸಿಪ್ಪೆ ಹಾರಿಸಿ. 650 ಗ್ರಾಂ ಬೆಲ್ಲ ಸೇರಿಸಿ ತರಿತರಿಯಾಗಿ ಕುಟ್ಟಿ. ಒರಳು ಇದ್ದರೆ ಒರಳಲ್ಲೇ ಕುಟ್ಟಿ. ಮಿಕ್ಸರ್ ಆದರೆ ಬಿಟ್ಟು ಬಿಟ್ಟು ತಿರುಗಿಸಿ. ಶೇಂಗಾದ ಎಣ್ಣೆಗೇ ಉಂಡಿ ಹಿಡಿಯುತ್ತೆ. ಒಂದಿಷ್ಟು ಏಲಕ್ಕಿ ಪುಡಿ. ಲಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕದಾಗಿ, 20 ಗ್ರಾಂನದು ಕಟ್ಟಿದರೆ ಎಪ್ಪತ್ತೈದರ ಮೇಲೆ ಆಗುತ್ತೆ. ಮನೆಗೆ ಎರಡು ಅಂತ ಹೆಚ್ಚುಕಡಿಮೆ ಸರಿ ಹೋಯ್ತು.

ಎಳ್ಳು-ಬೆಲ್ಲದ ಜೊತೆ ಉಂಡಿಯನ್ನು ಬಿಡಿಯಾಗಿ ಹಾಕಬೇಡಿ. ಉಂಡಿ ಎಣ್ಣೆ ಬಿಡುತ್ತೆ, ಕುಸುರೆಳ್ಳಿನ ಮುಳ್ಳು ಕರಗುತ್ತೆ. ಎಳ್ಳು-ಬೆಲ್ಲಕ್ಕೆ ಬೇರೆ ಪೊಟ್ಟಣ ಆಗಲಿ.

ವಿದ್ಯಾಗಿರಿ_ಟೀಚರ್ (ಧಾರವಾಡ)

ಅಜ್ಜಿ ಹೇಳಿದ ಅಳತೆಯ ಉಂಡಿ 7.4 ಸೆಂ.ಮೀ. ಡಬ್ಬಿಯಲ್ಲಿ ನಾಲ್ಕು ಹಿಡಿಯುತ್ತೆ. ಎರಡು ಉಂಡಿ ಒಂದು ಬದಿಗೆ, ಇನ್ನೊಂದು ಬದಿಗೆ ಎಳ್ಳು-ಬೆಲ್ಲದ ಪೊಟ್ಟಣ. ಪೊಟ್ಟಣಕ್ಕೂ ಆ ಬೇಕರಿ ಹಾಳೆಯೇ ಇರಲಿ. ಕಟ್ಟೋ ಕೆಲಸ ಅಪ್ಪಾಜಿಯವರಿಂದ ಮಕ್ಕಳು ಕಲಿಯಲಿ. ಸುರುಳಿ ಪೊಟ್ಟಣದ ಬಾಯಿಯನ್ನು ಅಂಟು, ದಾರ ಎರಡೂ ಇಲ್ಲದೆ ಒಳಗೆ ಸಿಕ್ಕಿಸಿ ಮುಚ್ಚೋದು ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ.

ನವನಗರ_ಅಂಗಡಿ (ಹುಬ್ಬಳ್ಳಿ)

ಬೇಜಾರು ಮಾಡಿಕೊಳ್ಳಬೇಡಿ, ದುರ್ಗದಬೈಲ್ ಕಡೆ ಹೋದರೆ ರಟ್ಟಿನ ಡಬ್ಬಿ ಡಜನ್ ಲೆಕ್ಕದಲ್ಲಿ ಸಿಗುತ್ತೆ. ಮೇಲೆ ಹೊಳೆಯೋ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಆಯ್ತು. ಹತ್ತು ನಿಮಿಷದ ಕೆಲಸ.

ಗದಗ_ಪ್ರೆಸ್ಸಿನವ

ರಟ್ಟಿನ ಡಬ್ಬಿಗೆ ಯಾರ ತಕರಾರೂ ಇಲ್ಲ ಅಣ್ಣಾರ. ಆದರೆ ಸಿಹಿ ಡಬ್ಬಿಗೆ ಸುತ್ತೋ ಪ್ಲಾಸ್ಟಿಕ್ ಹಾಳೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಆಗಿದೆ. ಆಮಂತ್ರಣ ಪತ್ರಿಕೆಗೆ ಸುತ್ತೋದಕ್ಕೂ ಅದೇ ನಿಯಮ, ನಮ್ಮ ಧಂದೆಗೂ ತಟ್ಟಿದೆ.

ಕೇಶ್ವಾಪುರ_ಗೆಳತಿ (ಹುಬ್ಬಳ್ಳಿ)

ಅಣ್ಣಾರ, ನೀವು ಹೇಳೋದೂ ಸರಿಯೇ, ಸಮಯ ಉಳಿಯುತ್ತೆ. ಆದರೆ ಇಲ್ಲಿ ಸಮಯ ಕೊಡೋದೇ ನಮ್ಮ ಉದ್ದೇಶ. ಸಂಜೆ ಹೊತ್ತು ಮಕ್ಕಳು, ತಾಯಂದಿರು, ಅಜ್ಜಿಯರು ಒಂದೇ ಚಾಪೆಯ ಮೇಲೆ ಕೂತು ಮಡಿಚಬೇಕು, ಚುಚ್ಚಬೇಕು, ಕಟ್ಟಬೇಕು. "ಎಳ್ಳು-ಬೆಲ್ಲ ತಗೊಂಡು ಒಳ್ಳೊಳ್ಳೆ ಮಾತಾಡೋಣ" ಅಂತ ಹೇಳೋ ಮಗುವಿಗೆ ಆ ಡಬ್ಬಿ ತಾನೇ ಮಾಡಿದ್ದು ಅಂತ ಗೊತ್ತಿದ್ದರೆ ಅದರ ಮುಖವೇ ಬೇರೆ ಥರ ಇರುತ್ತೆ.

ಒಂದೇ ಪ್ರಶ್ನೆ ಉಳೀತು. ಭೋಗಿಯ ದಿನವೇ ಎಲ್ಲ ತುಂಬಿ ಇಡಬಹುದಾ? ಬೆಳಿಗ್ಗೆ ಎಲ್ಲರಿಗೂ ಮನೆಯಲ್ಲಿ ಅಡುಗೆ, ಪೂಜೆ ಇರುತ್ತೆ.

ಮಾಳಮಡ್ಡಿ_ಅಜ್ಜಿ (ಧಾರವಾಡ)

ಉಂಡಿ ಎರಡು ದಿನ ಮೊದಲೇ ಕಟ್ಟಿ ಸ್ಟೀಲ್ ಡಬ್ಬಿಯಲ್ಲಿ ಇಡಿ, ಏನೂ ಆಗೋದಿಲ್ಲ. ಬಿಸಿ ಪೂರ್ತಿ ಆರಿದ ಮೇಲೇ ಮುಚ್ಚಳ ಹಾಕಿ. ಎಳ್ಳು-ಬೆಲ್ಲ ಭೋಗಿಯ ದಿನ ಕಲಸಿ, ಕುಸುರೆಳ್ಳು ಮಾತ್ರ ಬೇರೆ ಇಡಿ. ಹಬ್ಬದ ಬೆಳಿಗ್ಗೆ ಮಕ್ಕಳು ಹೊರಡೋ ಮುಂಚೆ ಪೊಟ್ಟಣಕ್ಕೆ ಒಂದೊಂದು ಚಮಚ ಮೇಲೆ ಉದುರಿಸಿ ಬಾಯಿ ಮುಚ್ಚಿ. ರಾತ್ರಿಯಿಡೀ ಕಾಗದದ ಡಬ್ಬಿಯಲ್ಲಿ ಉಂಡಿ ಇಟ್ಟರೆ ಎಣ್ಣೆ ಇಳಿದು ಕಲೆ ಬೀಳುತ್ತೆ, ಅದನ್ನೂ ಬೆಳಿಗ್ಗೆಯೇ ತುಂಬಿ.

ಗದಗ_ಪ್ರೆಸ್ಸಿನವ

ಅಕ್ಕಾರ, ಮುಂದಿನ ವಾರ ಹುಬ್ಬಳ್ಳಿಗೆ ಬರೋದಿದೆ. ಬಣ್ಣದ ಪಟ್ಟಿ ಒಂದು ಚೀಲ ತರ್ತೇನೆ. 21 ಸೆಂ.ಮೀ.ದು, 20.5ದು ಎರಡೂ ಅಳತೆಗೆ ಯಂತ್ರದಲ್ಲೇ ಕತ್ತರಿಸಿ ಕೊಡಲಾ? ನಿಮ್ಮ ಕ್ಯಾಲೆಂಡರ್ ಯಾರ ಕೈಯಲ್ಲಾದರೂ ಗದಗಕ್ಕೆ ಮುಂಚೆ ಕಳಿಸಿದರೆ ಅದನ್ನೂ ಜೊತೆಗೇ ಕತ್ತರಿಸಿ ತರ್ತೇನೆ.

ಕೇಶ್ವಾಪುರ_ಗೆಳತಿ (ಹುಬ್ಬಳ್ಳಿ)

ದೊಡ್ಡ ಉಪಕಾರ ಆಯ್ತು ಅಣ್ಣಾರ. ನಮ್ಮ ಓಣಿಯವರೊಬ್ಬರು ದಿನಾ ಗದಗಕ್ಕೆ ಕೆಲಸಕ್ಕೆ ಹೋಗ್ತಾರೆ, ನಾಳೆಯೇ ಅವರ ಕೈಯಲ್ಲಿ ಕಳಿಸ್ತೇನೆ. ಚಿತ್ರ ಎಲ್ಲಿ ಬರಬೇಕು ಅಂತ ಪೆನ್ಸಿಲ್‌ನಿಂದ ಗುರುತು ಹಾಕಿರ್ತೇನೆ, ಅದನ್ನು ನೋಡಿಕೊಂಡು ಕತ್ತರಿಸಿ.